ಎರಡನೇ ಯುನಿಟ್‌ನ ಬೆಂಕಿ

ಜನವರಿ 9, ಬೆಳಿಗ್ಗೆ 8
ಬಸದಿಗೆ ಹೋಗಿ ಬಂದೆ. ಗಂಜಿ, ಉಪ್ಪಿನಕಾಯಿ. ತಂಗಿಯ ಮಗಳು ಅನಿಷಾಳ ಫೋನ್. ಗಲ್ಫಿನಲ್ಲಿ ನಾನು ಇಪ್ಪತ್ತೆರಡು ವರ್ಷ ದುಡಿದ ಗ್ಯಾಸ್ ಪವರ್ ಪ್ಲಾಂಟ್ ಈಗ ಇಂಜಿನಿಯರ್ ಆದ ಅವಳ ಪಾಲಿಗೆ ಬಂದಿದೆ — ಗ್ಯಾಸಿನ ಜೊತೆ ಹೈಡ್ರೋಜನ್ ಬೆರೆಸಿ ಉರಿಸಬಹುದೇ ಎಂದು ರಿಪೋರ್ಟ್ ಕೊಡಬೇಕಂತೆ.
"ಮಾವ, ಹೈಡ್ರೋಜನ್ ಬೆಂಕಿಗೆ ವೇಗ ಜಾಸ್ತಿ. ಹಿಂದಕ್ಕೆ ಓಡಿ ಬರ್ನರ್ ಒಳಗೇ ಹೋಗಿಬಿಡ್ತದೆ. ಎರಡನೇ ಯುನಿಟ್‌ನಲ್ಲಿ ಬರೀ ಗ್ಯಾಸಿನಲ್ಲೇ ಹಾಗೆ ಆದದ್ದು ಉಂಟಾ?"
"ಇಲ್ಲ" ಎಂದೆ. ಬಾಯಿಗೆ ಬಂದದ್ದು ಅದೇ.

ಜನವರಿ 10
ಇಡೀ ದಿನ ಆ ಕಂಟ್ರೋಲ್ ರೂಮ್ ಕಣ್ಣ ಮುಂದೆ. ಟರ್ಬೈನಿನ ಮೊರೆತ... ಊರಿಗೆ ಬಂದ ಮೊದಲ ತಿಂಗಳು ಅದಿಲ್ಲದೆ ನಿದ್ದೆಯೇ ಹತ್ತಲಿಲ್ಲ. ಬಂಟ್ವಾಳದ ಹಸನಬ್ಬ, ನಾನು ಇನ್‌ಚಾರ್ಜ್ ಆಗಿದ್ದ ಶಿಫ್ಟಿನ ಆಪರೇಟರ್. ಶುಕ್ರವಾರದ ಅಡುಗೆ ಅವನದ್ದೇ. ಜೈನನಾದ ನನಗೆಂದು ಬೇರೆ ಪಾತ್ರೆ, ಬೇರೆ ಸೌಟು, ಈರುಳ್ಳಿ ಹಾಕದ ಸಾರು. ನಾವಿಬ್ಬರೂ ತುಳುವಿನಲ್ಲಿ ಹರಟಿದರೆ ಉಳಿದವರಿಗೆ ಒಂದೂ ತಿಳಿಯದು. ಎಂಥ ದಿನಗಳು.
2006. ಎರಡನೇ ಯುನಿಟ್‌ನ ಬರ್ನರ್ ವಿಪರೀತ ಬಿಸಿಯಾಗಿದೆ ಎಂದು ಅಲಾರಂ. ಸೆನ್ಸರ್ ಕೆಟ್ಟಿರಬೇಕು ಎಂದು ನಾನೇ ಅಲಾರಂ ಬಂದ್ ಮಾಡಿದೆ. ಹಸನಬ್ಬ ನನ್ನನ್ನು ಕೇಳದೆ ಮಶಿನನ್ನೇ ನಿಲ್ಲಿಸಿದ. ತೆರೆದು ನೋಡಿದರೆ ಬೆಂಕಿ ಹಿಂದಕ್ಕೆ ಬಂದು ಬರ್ನರ್ ಕರಗಿತ್ತು. ಆಪರೇಟರನ ತಪ್ಪು ಎಂದು ಮೇಲಿನವರು ಬರೆದರು. ಅದಕ್ಕೆ ನಾನೂ ಸಹಿ ಹಾಕಿದೆ. ಅವನನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸಿದರು.

ಜನವರಿ 17
ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋದೆ. ಹಸನಬ್ಬನ ಗಡ್ಡ ಪೂರ್ತಿ ಬಿಳಿ.
"ಬನ್ನಿ ಸಾರ್, ಕುಳಿತುಕೊಳ್ಳಿ. ಎಷ್ಟು ವರ್ಷ ಆಯ್ತು ಮಾರಾಯ್ರೆ!"
ಅನಿಷಾಳ ಪ್ರಶ್ನೆ, ಆ ಅಲಾರಂ, ಆ ಸಹಿ, ಎಲ್ಲ ಹೇಳಿದೆ. 
"ನೀವು ಸಹಿ ಹಾಕಿದ್ದು ನನಗೆ ಅಂದೇ ಗೊತ್ತಿತ್ತು. ಆ ಹುಡುಗಿಗೆ ಹೇಳಿದ್ರಾ?"
"ಇಲ್ಲ."
"ಅಲ್ಲಿ ಈಗಲೂ ಜನ ಶಿಫ್ಟಿಗೆ ಹೋಗ್ತಾರಲ್ಲ ಸಾರ್?"

ಜನವರಿ 18
ಅನಿಷಾಳಿಗೆ ಹೇಳಿದೆ.  ಅವಳೆಂದಳು —
"ಹಾಗಾದ್ರೆ ಹಳೆ ಬರ್ನರಿನಲ್ಲಿ ಹೈಡ್ರೋಜನ್ ಬೇಡವೇ ಬೇಡ ಅಂತ ಬರೀತೇನೆ. ಹೊಸದು ಹಾಕಿದ ಮೇಲೆ, ಅದೂ ಸ್ವಲ್ಪ ಸ್ವಲ್ಪವೇ. ಪ್ಲಾಂಟಿನವರು ನಿಮ್ಮ ಬಾಯಿಂದಲೇ ಕೇಳಬೇಕು ಅಂತಾರೆ ಮಾವ."
"ಹಸನಬ್ಬನನ್ನೂ ಜೊತೆಗೆ ಕೂರಿಸುವ."

ಜನವರಿ 24, ಮಧ್ಯಾಹ್ನ 3
ವಿಡಿಯೋ ಕಾಲ್ ಈಗಷ್ಟೇ ಮುಗಿಯಿತು. ಮೂಡುಬಿದಿರೆಯ ನನ್ನ ಮನೆಯಲ್ಲೇ, ಹಸನಬ್ಬ ಪಕ್ಕದಲ್ಲಿ. ಅಲಾರಂ ಬಂದ್ ಮಾಡಿದವನು ನಾನು ಎಂದೆ.  ಪ್ಲಾಂಟ್ ಮ್ಯಾನೇಜರ್ ಕೇಳಿದ — ಮಶಿನ್ ನಿಲ್ಲಿಸಿದವರು ಯಾರು? ಹಸನಬ್ಬ ಎದ್ದು ನಿಂತ, ಶಿಫ್ಟ್ ವಹಿಸಿಕೊಳ್ಳುವಾಗ ನಿಲ್ಲುತ್ತಿದ್ದ ಹಾಗೆ. "ಕುಳಿತೇ ಮಾತಾಡು ಮಾರಾಯ" ಎಂದೆ. ಕುಳಿತುಕೊಳ್ಳಲಿಲ್ಲ. ಆಮೇಲೆ ನಾನೂ ಎದ್ದು ನಿಂತೆ.