ಕೊನೆಯ ಹತ್ತು ಡಬ್ಬ

ಮಾರ್ಚ್ ೧೪, ರಾತ್ರಿ

ಎಷ್ಟು ತೊಳೆದರೂ ಕೈಯಿಂದ ಮಾರ್ಕರ್ ವಾಸನೆ ಹೋಗುತ್ತಿಲ್ಲ. ಅಂಗಡಿ ಬಾಗಿಲಿಗೆ ‘ಹಾಲಿನ ಪುಡಿ ಕಡಿಮೆ ಇದೆ’ ಎಂದು ಬರೆದು ಅಂಟಿಸಿದ್ದೆ.

“ಅದಕ್ಕೆ ಯಾರಮ್ಮ ಹೆದರ್ತಾರೆ? ‘ಅಭಾವ, ಕೊನೆಯ ಹತ್ತು ಡಬ್ಬ’ ಅಂತ ಹಾಕು,” ಎಂದರು ಅಂಗಡಿ ಯಜಮಾನರು.

ಹಾಕಿದೆ. ಅಂಗಡಿಯ ಹಿಂದಿರುವ ಗೋದಾಮಿನಲ್ಲಿ ಡಬ್ಬಗಳು ಸೂರು ಮುಟ್ಟಿವೆ. ಬೆಲೆ ಏರಲೆಂದು ದಿನಕ್ಕೆ ಹತ್ತೇ ಹೊರಗಿಡುವುದು. ಥೂ, ಇದೂ ಒಂದು ವ್ಯಾಪಾರ!

ಮಧ್ಯಾಹ್ನ ಅಕ್ಕ ಬಂದಳು. ಕೈಗೂಸು ಎತ್ತಿಕೊಂಡಿದ್ದ ಹೆಂಗಸೊಬ್ಬಳನ್ನು ಮೊಣಕೈಯಲ್ಲಿ ತಳ್ಳಿ, ಉಳಿದಿದ್ದ ನಾಲ್ಕನ್ನೂ ಬಾಚಿಕೊಂಡಳು. ಅವಳ ಮನೆಯಲ್ಲಿ ಪುಡಿ ಹಾಲು ಕುಡಿಯುವವರೇ ಇಲ್ಲ.

“ಯಾಕಕ್ಕ ಇಷ್ಟೊಂದು?”

“ಅಭಾವ ಅಂತ ನೀನೇ ಬರೆದಿದ್ದೀಯಲ್ಲೇ. ನಿನ್ನ ಕೈಬರಹ ನಂಗೊತ್ತಾಗಲ್ವಾ?”

ಆ ಹೆಂಗಸು ಬರಿಗೈಯಲ್ಲಿ ಹೋದಳು. ಅಕ್ಕ ಒಂದು ಡಬ್ಬ ನನಗೇ ಕೊಟ್ಟು, “ಇಟ್ಕೋ, ಮುಂದೆ ಸಿಗುತ್ತೋ ಇಲ್ವೋ,” ಎಂದಳು.

ಅಸಹ್ಯ. ಇಸಿದುಕೊಂಡೆ. ಇಲ್ಲೇ, ಈ ಪುಸ್ತಕದ ಪಕ್ಕದಲ್ಲೇ ಇದೆ.