ಬಲಗಡೆಯ ಕಿಟಕಿ

ಐಸ್ ಫ್ಯಾಕ್ಟರಿ ಹಿಂದಿನ ಮನೆ,
ದ್ವೀಪದಿಂದ,
ಗುರುವಾರ, ಮಾರ್ಚ್ ಹದಿನಾಲ್ಕು

ರೀ,

ಇಷ್ಟು ವರ್ಷ ಬಾಯಲ್ಲಿ ಕರೆದದ್ದು ಹೀಗೆಯೇ. ಕಾಗದದಲ್ಲಿ ಬೇರೆ ಏನಾದರೂ ಬರೆದರೆ ಇದು ಯಾರಿಗೋ ಬಂದದ್ದು ಎಂದು ನೀವು ಎದುರುಮನೆಗೆ ಕೊಟ್ಟುಬಿಡುತ್ತೀರಿ. ಮೊಣಕಾಲು ಹೇಗಿದೆ? ರಾತ್ರಿಯ ಬಿಪಿ ಮಾತ್ರೆ ಮರೆಯುತ್ತಿಲ್ಲ ತಾನೆ? ಕನ್ನಡಕದ ಕಾಲಿಗೆ ಇನ್ನೂ ದಾರ ಸುತ್ತಿಕೊಂಡೇ ಓಡಾಡುತ್ತಿದ್ದೀರಾ? ಊರಿನವರ ಹೊಲಿಗೆಯಂತ್ರವನ್ನೆಲ್ಲ ರಿಪೇರಿ ಮಾಡಿಕೊಡುವವರಿಗೆ ಸ್ವಂತ ಕನ್ನಡಕಕ್ಕೊಂದು ಸ್ಕ್ರೂ ಹಾಕಿಕೊಳ್ಳಲು ಪುರುಸೊತ್ತಿಲ್ಲ. ಎದುರುಮನೆಯಾಕೆ ಮಧ್ಯಾಹ್ನದ ಊಟ ಕಳಿಸುತ್ತಿದ್ದಾರೆಂದು ಹೇಳಿದಿರಿ, ಡಬ್ಬಿ ತೊಳೆದು ಹಿಂದಿರುಗಿಸಿ. ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ. ಮಗಳು ತೀರಿಕೊಂಡು ಎರಡು ತಿಂಗಳಾಗುತ್ತ ಬಂತು, ನನಗೆ ಇನ್ನೂ ಅಳು ಬಂದಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿದೆ. ಅದಕ್ಕಾಗಿ ನೀವು ಚಿಂತೆ ಮಾಡಬೇಡಿ. ಬಟ್ಟೆ ಒಗೆಯುತ್ತೇನೆ, ಮಡಚುತ್ತೇನೆ, ಹೊತ್ತು ಹೋಗುತ್ತದೆ.

ಹೋದ ವಾರ ಫೋನಿನಲ್ಲಿ ನೀವು ಒಂದೇ ಮಾತು ಹೇಳಿದಿರಿ. "ಮಗೂನ ಕರ್ಕೊಂಡು ಬಂದ್ಬಿಡು. ಅವಳೇ ಇಲ್ಲದ ಮೇಲೆ ಅಲ್ಲಿ ಇನ್ನೇನಿದೆ?" ನಾನು ಹೂಂ ಎಂದೆ. ಆಮೇಲೆ ಫೋನ್ ಇಟ್ಟೆವು. ಇಲ್ಲಿ ಸಿಗ್ನಲ್ ಸಿಗುವುದು ಶಾಲೆಯ ಹಿಂದಿನ ದಿಣ್ಣೆಯ ಮೇಲೆ ಮಾತ್ರ, ಬೆನ್ನ ಹಿಂದೆ ಯಾವಾಗಲೂ ನಾಲ್ಕು ಜನ ಕಾಯುತ್ತಿರುತ್ತಾರೆ. ಅಲ್ಲಿ ನಿಂತು ಹೇಳುವಂಥದ್ದಲ್ಲ ನನ್ನ ಮಾತು. ನಾಳೆಯ ವಿಮಾನಕ್ಕೆ ಶಾಲೆಯ ಹೆಡ್‌ಮಿಸ್ ಹೋಗುತ್ತಿದ್ದಾರೆ. ನಮ್ಮವಳು ಅಲ್ಲಿ ಗಣಿತ ಪಾಠ ಮಾಡುವಾಗ ಅವಳನ್ನು ಸ್ವಂತ ತಂಗಿಯ ಹಾಗೆ ನೋಡಿಕೊಂಡವರು ಅವರೇ. ಈ ಕಾಗದ ಅವರ ಕೈಗೆ ಕೊಡುತ್ತೇನೆ, ಇಳಿದ ಊರಿನಲ್ಲಿ ಪೋಸ್ಟ್ ಮಾಡುತ್ತಾರೆ. ಮೊದಲು ನೀವು ಇಲ್ಲಿಗೆ ಬರುವುದು ಹೇಗೆಂದು ಬರೆಯುತ್ತೇನೆ. ನಾನೆಲ್ಲಿ ಬರುತ್ತೇನೆ ಎಂದೆ ಎನ್ನಬೇಡಿ. ಓದಿ.

ಒಟ್ಟು ಮೂರು ವಿಮಾನ. ಮೊದಲ ಎರಡು ದೊಡ್ಡವು, ಅವುಗಳಲ್ಲಿ ನಿಮಗೆ ಕೆಲಸವೇನಿಲ್ಲ, ಬೆಲ್ಟ್ ಹಾಕಿಕೊಂಡು ಕೊಟ್ಟದ್ದು ತಿಂದು ಕೂತರಾಯಿತು. ಆಗಾಗ ಎದ್ದು ಓಡಾಡಿ, ಇಲ್ಲದಿದ್ದರೆ ಕಾಲು ಬಾತುಕೊಳ್ಳುತ್ತದೆ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ಹಲವು ತಿಂಗಳಿಗಾಗುವಷ್ಟು ತನ್ನಿ, ಡಾಕ್ಟರ ಚೀಟಿಯೂ ಜೊತೆಗಿರಲಿ. ಇಲ್ಲಿನ ದವಾಖಾನೆಯಲ್ಲಿ ಒಬ್ಬಳೇ ನರ್ಸ್. ಒಳ್ಳೆಯವಳು, ಆದರೆ ಅವಳ ಕಪಾಟಿನಲ್ಲಿರುವುದು ಜ್ವರಕ್ಕೆ, ಗಾಯಕ್ಕೆ ಆಗುವಷ್ಟು ಮಾತ್ರ. ಎರಡನೆಯ ವಿಮಾನ ಇಳಿಯುವುದು ಒಂದು ಬಂದರಿನ ಊರಿನಲ್ಲಿ. ಅಲ್ಲಿ ಮೂರ್ನಾಲ್ಕು ದಿನ ಹೆಚ್ಚಿಗೆ ಕೈಯಲ್ಲಿಟ್ಟುಕೊಂಡೇ ಹೊರಡಿ, ಯಾಕೆಂದರೆ ದ್ವೀಪಕ್ಕೆ ಬರುವ ಸಣ್ಣ ವಿಮಾನ ವಾರಕ್ಕೆ ಎರಡೇ ಸಲ. ಗಾಳಿ ಅಡ್ಡ ಬೀಸಿದರೆ ಅದೂ ಇಳಿಯುವುದಿಲ್ಲ. ಅದು ನಿಮಗೆ ಗೊತ್ತಿರುವುದೇ. ಬಂದರಿನ ಎದುರು ಹಸಿರು ಬಾಗಿಲಿನ ಲಾಡ್ಜ್ ಇದೆ, ಹಿಂದುಗಡೆಯ ರೂಮು ಕೇಳಿ. ಮುಂದಿನ ರೂಮುಗಳಿಗೆ ಹಡಗು ಕೂಗುವುದು ಕೇಳಿಸುತ್ತದೆ, ಮೊದಲೇ ನಿಮ್ಮ ನಿದ್ದೆ ಕೋಳಿನಿದ್ದೆ.

ಸಣ್ಣ ವಿಮಾನ ಹತ್ತುವ ಮುಂಚೆ ಸಾಮಾನಿನ ಜೊತೆ ನಿಮ್ಮನ್ನೂ ತೂಗುತ್ತಾರೆ. ಅಕ್ಕಿಮೂಟೆ ತೂಗುವ ತಕ್ಕಡಿಯಂಥದ್ದರ ಮೇಲೆ ನಿಲ್ಲಿಸಿ, ಎಲ್ಲರೆದುರಿಗೂ ಗಟ್ಟಿಯಾಗಿ ಓದುತ್ತಾರೆ. ನಾಚಿಕೊಂಡು ಜೇಬಿನದನ್ನೆಲ್ಲ ತೆಗೆದಿಡಬೇಡಿ, ತೂಕ ಸರಿಯಾಗಿರಬೇಕಾದ್ದು ವಿಮಾನಕ್ಕೆ. ಒಳಗೆ ಸೀಟಿಗೆ ನಂಬರ್ ಇರುವುದಿಲ್ಲ. ನೀವು ಬಲಗಡೆ ಕೂತುಕೊಳ್ಳಿ. ಎಡಗಡೆ ಜಾಗ ತೋರಿಸಿದರೆ ಕಾಲುನೋವು ಅಂತ ಏನಾದರೂ ಹೇಳಿ ಬಲಗಡೆಯೇ ಕೂತುಕೊಳ್ಳಿ. ಬಲಗಡೆಯ ಕಿಟಕಿಯಲ್ಲಿ ಬರೀ ನೀರು ಕಾಣುತ್ತದೆ. ಎಡಗಡೆಯದರಲ್ಲಿ ವಿಮಾನ ಇಳಿಯುವ ಜಾಗ ಕಾಣುತ್ತದೆ.

ನಾನು ಎಡಗಡೆ ಕೂತಿದ್ದೆ. ನಮ್ಮವಳನ್ನು ಆಸ್ಪತ್ರೆಗೆ ಕಳಿಸಲು ಎಲ್ಲರೂ ಕಾದಿದ್ದ ವಿಮಾನ ಗಾಳಿಗೆ ಇಳಿಯದೆ ಹೋಯಿತು ಎಂದು ನಿಮಗೆ ಹೆಡ್‌ಮಿಸ್ ಫೋನಿನಲ್ಲಿ ಹೇಳಿದರಲ್ಲ, ನಾನು ಅದರೊಳಗೇ ಇದ್ದೆ. ಆವತ್ತು ಲಾಡ್ಜಿನಲ್ಲಿ ಮಲಗಿದ್ದೆ ಎಂದು ನೀವು ತಿಳಿದುಕೊಂಡಿರಿ, ನಾನೂ ತಿದ್ದಲಿಲ್ಲ. ಹಿಂದಿನ ರಾತ್ರಿಯಿಂದ ಅವಳಿಗೆ ಹೊಟ್ಟೆನೋವು ಎಂದಾಗಲಿ, ಅಪೆಂಡಿಕ್ಸ್ ಒಡೆಯುವ ಹಾಗಿದೆ, ಈ ವಿಮಾನದಲ್ಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂದು ನರ್ಸ್ ಹೇಳಿದ್ದಾಳೆಂದಾಗಲಿ ನನಗೆ ಗೊತ್ತಿರಲಿಲ್ಲ. ಅವಳ ಶಾಲೆಯ ರಜೆಗೆಂದು ಹೊರಟವಳು ನಾನು, ಮೊದಲ ಸಲ ಮಗಳ ಮನೆ ನೋಡುವವಳು. ವಿಮಾನ ತಗ್ಗಿಗೆ ಬಂತು, ಮನೆಗಳ ತಗಡು ಕಂಡವು, ಮತ್ತೆ ಮೇಲೆದ್ದಿತು. ಎರಡನೆಯ ಸಲ ಇನ್ನೂ ತಗ್ಗಿಗೆ ಬಂತು. ಹುಲ್ಲಿನ ಅಂಚಿನಲ್ಲಿ ಒಂದು ಬಿಳಿ ವ್ಯಾನು, ಅದರ ಪಕ್ಕ ಒಂದಿಷ್ಟು ಜನ, ಒಬ್ಬನ ಹೆಗಲ ಮೇಲೆ ಮಗು. ಫೋಟೋದಲ್ಲಿ ನೋಡಿದ ಅಳಿಯನ ಐಸ್ ವ್ಯಾನೇ. ಎಲ್ಲರೂ ನನ್ನನ್ನು ಕರೆದೊಯ್ಯಲು ಬಂದಿದ್ದಾರೆ ಅಂದುಕೊಂಡೆ. ಅವಳು ಕಾಣಲಿಲ್ಲ. ವ್ಯಾನಿನೊಳಗೆ ಕೂತಿರಬೇಕು, ಬಿಸಿಲು ಆಗುವುದಿಲ್ಲವಲ್ಲ ಅವಳಿಗೆ, ಅಂದುಕೊಂಡೆ. ವ್ಯಾನಿನೊಳಗೇ ಇದ್ದಳು. ನಾನು ಕಿಟಕಿಯಿಂದ ಕೈ ಬೀಸಿದೆ ರೀ. ಅಷ್ಟು ಎತ್ತರದಿಂದ ಯಾರಿಗೆ ಕಾಣುತ್ತದೆ, ಆದರೂ ಬೀಸಿದೆ. ಪೈಲಟ್ಟು ತಿರುಗಿಸಿಕೊಂಡು ವಾಪಸ್ ಬಂದ.

ಮಾರನೆಯ ಸಂಜೆ ಲಾಡ್ಜಿನಾಕೆ ರೂಮಿಗೆ ಬಂದು ಮೊದಲು ಕುರ್ಚಿ ಎಳೆದು ನನ್ನನ್ನು ಕೂರಿಸಿದಳು. ಆಮೇಲೆ ಹೇಳಿದಳು. ನನಗೆ ನೆನಪಿರುವುದು ಅವಳ ಏಪ್ರನ್ನಿನ ಜೇಬಿನಲ್ಲಿ ಬಟ್ಟೆಗೆ ಹಾಕುವ ಕ್ಲಿಪ್ಪುಗಳಿದ್ದವು ಎಂಬುದು ಮಾತ್ರ. ಅದರ ಮುಂದಿನ ವಿಮಾನ ಇಳಿಯಿತು, ಗಾಳಿಯೇ ಇರಲಿಲ್ಲ, ಎಲೆ ಅಲುಗುತ್ತಿರಲಿಲ್ಲ. ಅಳಿಯ ಮಗುವನ್ನು ಎತ್ತಿಕೊಂಡು ಬೇಲಿಯ ಹತ್ತಿರ ನಿಂತಿದ್ದ. ನನ್ನನ್ನು ಮುಖಾಮುಖಿ ಕಂಡವನಲ್ಲ, ನಮ್ಮ ಭಾಷೆ ಬಾರದು. ಎದೆಯ ಮೇಲೆ ಕೈಯಿಟ್ಟುಕೊಂಡು "ಐಸಪ್ಪ" ಎಂದ. ನೀವು ತಮಾಷೆಗೆ ಇಟ್ಟ ಹೆಸರು. ಅವಳು ಅವನಿಗೆ ಹೇಳಿಬಿಟ್ಟಿದ್ದಾಳೆ. ಅವನಿಗೆ ಗೊತ್ತಿದ್ದ ಒಂದೇ ಕನ್ನಡದ ಮಾತು ಅದು. ನಾನು ಹೂಂ, ಗೊತ್ತಾಯ್ತು ಎಂದೆ. ಮಗು ನನ್ನ ಚೀಲದ ಹಿಡಿ ಹಿಡಿದುಕೊಂಡಿತು.

ಇಳಿದ ಮೇಲೆ ಒಂದು ಮೇಜಿನ ಮುಂದೆ ನಿಲ್ಲಿಸುತ್ತಾರೆ. ಬೀಜ, ಜೇನು, ಹಸಿ ಹಣ್ಣು, ಮರದ ಸಾಮಾನು ಏನೂ ತರಬೇಡಿ, ಕಿತ್ತುಕೊಂಡು ಸುಟ್ಟುಬಿಡುತ್ತಾರೆ. ಚಪ್ಪಲಿಯ ಅಡಿ ನೋಡುತ್ತಾರೆ, ಮಣ್ಣಿದ್ದರೆ ಅಲ್ಲೇ ಬ್ರಷ್ ಕೊಟ್ಟು ಉಜ್ಜಿಸುತ್ತಾರೆ. ಹೊರಡುವ ಮುನ್ನ ತೊಳೆದುಕೊಂಡು ಬನ್ನಿ, ಬಗ್ಗಿ ಉಜ್ಜುವುದು ನಿಮ್ಮ ಮೊಣಕಾಲಿಗಾಗದು. ದಡದ ಕಲ್ಲು ಚಾಕುವಿನಂತಿರುತ್ತದೆ, ದಪ್ಪ ರಬ್ಬರ್ ಚಪ್ಪಲಿ ಬೇಕು. ಕುಡಿಯುವುದೂ ಸ್ನಾನವೂ ಮಳೆನೀರಿನ ಟ್ಯಾಂಕಿನಿಂದಲೇ. ನಲ್ಲಿ ಬಿಟ್ಟುಕೊಂಡು ಗಡ್ಡ ಹೆರೆಯುತ್ತ ರೇಡಿಯೋ ಕೇಳುವ ನಿಮ್ಮ ದರ್ಬಾರು ಇಲ್ಲಿ ನಡೆಯುವುದಿಲ್ಲ. ಅಂಗಡಿಯ ಕಪಾಟು ಹಡಗು ಬಂದಾಗ ತುಂಬುತ್ತದೆ, ಮುಂದಿನ ಹಡಗಿನ ತನಕ ಬರಿದಾಗುತ್ತ ಹೋಗುತ್ತದೆ. ಬ್ಲೇಡು, ಬ್ಯಾಟರಿ, ಇನ್ನೊಂದು ಕನ್ನಡಕ ನೀವೇ ತನ್ನಿ. ಕಾರ್ಡು ಎಲ್ಲೂ ನಡೆಯುವುದಿಲ್ಲ. ಮನೆಗೆ ನಂಬರಿಲ್ಲ, ದಾರಿ ತಪ್ಪಿದರೆ ಐಸ್ ಫ್ಯಾಕ್ಟರಿ ಎಂದರೆ ಸಾಕು. ಜನರೇಟರಿನ ಸದ್ದು ಹಗಲೂ ರಾತ್ರಿ ಇದ್ದೇ ಇರುತ್ತದೆ. ಮೊದಲೆರಡು ದಿನ ತಲೆ ಚಿಟ್ಟುಹಿಡಿಯುತ್ತದೆ, ಆಮೇಲೆ ಅದು ನಿಂತರೆ ಎಚ್ಚರವಾಗುತ್ತದೆ.

ಅಳಿಯ ಬೆಳಕು ಹರಿಯುವ ಮುಂಚೆ ಫ್ಯಾಕ್ಟರಿಗೆ ಹೋಗುತ್ತಾನೆ. ಮೀನಿನ ದೋಣಿಗಳು ಹೊರಡುವ ಹೊತ್ತಿಗೆ ಐಸ್ ಪುಡಿಮಾಡಿ ಪೆಟ್ಟಿಗೆ ತುಂಬಿರಬೇಕು. ಏಳು ಗಂಟೆಗೆ ಬಂದು ಮಗಳು ಚುಕ್ಕಿಯ ತಲೆ ಬಾಚುತ್ತಾನೆ. ಕೈ ತಣ್ಣಗಿರುತ್ತದೆಂದು ಮೊದಲು ಬಿಸಿನೀರಿನ ಲೋಟ ಹಿಡಿದುಕೊಂಡು ಕೂರುತ್ತಾನೆ, ಬೆರಳು ಬೆಚ್ಚಗಾದ ಮೇಲೆಯೇ ಅವಳ ಕೂದಲು ಮುಟ್ಟುವುದು. ಬೈತಲೆ ಸೊಟ್ಟಗೆ ತೆಗೆಯುತ್ತಾನೆ, ನಾನು ತಿದ್ದಲು ಹೋಗುವುದಿಲ್ಲ. ಚುಕ್ಕಿಗೆ ಐದು ತುಂಬುತ್ತಿದೆ, ಫೋಟೋದಲ್ಲಿ ಕಂಡದ್ದಕ್ಕಿಂತ ಕಪ್ಪು, ಮೂಗು ನಿಮ್ಮದೇ, ಪಾಪ. ಅಪ್ಪನ ಹತ್ತಿರ ಅವನ ಭಾಷೆ, ನನ್ನ ಹತ್ತಿರ ಕನ್ನಡ. ಅವಳಮ್ಮ ಅಚ್ಚುಕಟ್ಟಾಗಿ ಕಲಿಸಿದ್ದಾಳೆ. ಅವನೂ ನಾನೂ ಮಾತಾಡಬೇಕೆಂದರೆ ನಡುವೆ ಚುಕ್ಕಿಯೇ ಬೇಕು, ಹಾಗಾಗಿ ಅವಳೆದುರು ಆಡಬಾರದ್ದನ್ನು ನಾವು ಆಡುವುದೇ ಇಲ್ಲ.

ಮಗುವನ್ನು ಕರೆದೊಯ್ಯುತ್ತೇನೆ ಎಂಬುದನ್ನೂ ನಾನು ಅವಳ ಬಾಯಿಂದಲೇ ಅವನಿಗೆ ಹೇಳಿಸಬೇಕಾಯಿತು. ತಾತನ ಮನೆಗೆ ಹೋಗೋದು, ಅಲ್ಲೇ ಶಾಲೆಗೆ ಸೇರೋದು ಅಂತ ಅಪ್ಪಂಗೆ ಹೇಳಮ್ಮ ಎಂದೆ. ಅವಳು ಹೇಳಿದಳು. ಅವನು ತಟ್ಟೆ ನೋಡುತ್ತ ಕೂತ, ಆಮೇಲೆ ತಲೆಯಾಡಿಸಿದ. ನನ್ನಿಂದ ನೋಡಿಕೊಳ್ಳಲಾಗುವುದಿಲ್ಲ ಎಂದು ಅಜ್ಜಿಗೆ ಅನಿಸಿದರೆ ಸರಿ ಎಂದನಂತೆ. ಅವಳು ಒಂದಕ್ಷರ ಬಿಡದೆ ನನಗೆ ಒಪ್ಪಿಸಿದಳು. ಅವನೇ ಅವಳ ಬಟ್ಟೆ ಮಡಚಿದ, ಅವನೇ ಚೀಲ ಹೊಲಿದು ಗಟ್ಟಿಮಾಡಿದ. ಮೊನ್ನೆ ಮಂಗಳವಾರ ಐಸ್ ವ್ಯಾನಿನಲ್ಲಿ ನಮ್ಮನ್ನು ಕೂರಿಸಿಕೊಂಡು ವಿಮಾನದ ಜಾಗಕ್ಕೆ ಕರೆತಂದ. ಗಾಳಿ ಇರಲಿಲ್ಲ. ವಿಮಾನ ಆಗಲೇ ಬಂದು ನಿಂತಿತ್ತು.

ನನ್ನನ್ನು ತೂಗಿದರು, ಚುಕ್ಕಿಯನ್ನೂ ತೂಗಿದರು. ಅವಳಿಗೆ ಅದು ಆಟ, ಎರಡು ಸಲ ಹತ್ತಿ ಇಳಿದಳು. ತೂಕದವನು ಬರೆದುಕೊಂಡ. ಅಳಿಯ ಮಂಡಿಯೂರಿ ಅವಳ ಚಪ್ಪಲಿಯ ಪಟ್ಟಿ ಕಟ್ಟಿದ. ಕಟ್ಟಿದವನು ಬಿಚ್ಚಿದ. ಬಿಗಿಯಾಯಿತೇನೋ, ಸಡಿಲ ಮಾಡಿ ಕಟ್ಟಿದ. ಮತ್ತೆ ಬಿಚ್ಚಿದ. ಜನ ಒಬ್ಬೊಬ್ಬರಾಗಿ ವಿಮಾನ ಹತ್ತುತ್ತಿದ್ದರು, ಇವನು ಆ ಪಟ್ಟಿ ಬಿಟ್ಟು ತಲೆಯೆತ್ತಲೇ ಇಲ್ಲ. ಅಳುತ್ತಿರಲಿಲ್ಲ, ಅವನ ಬೆರಳುಗಳು ಮಾತ್ರ ಅದೇ ಕೆಲಸ ಮಾಡುತ್ತಿದ್ದವು. ಚುಕ್ಕಿ ಅಪ್ಪನ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ನನಗೆ ಸಂಕಟವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ನಿಂತು ನಿಂತು ಕಾಲು ನೋಯುತ್ತಿತ್ತು, ಅಷ್ಟೇ. ನಾನು ತೂಕದವನ ಹತ್ತಿರ ಹೋಗಿ ನಮ್ಮಿಬ್ಬರ ಹೆಸರು ಹೊಡೆದುಹಾಕಪ್ಪ ಎಂದು ಕೈಸನ್ನೆಯಲ್ಲಿ ತೋರಿಸಿದೆ. ಅವನು ಹೊಡೆದುಹಾಕಿದ, ಯಾಕೆ ಅಂತ ಕೇಳಲಿಲ್ಲ.

"ಇವತ್ತಿನ ವಿಮಾನ ನಮ್ಮದಲ್ವಾ ಅಜ್ಜಿ?" ಎಂದು ಚುಕ್ಕಿ ಕೇಳಿದಳು.

"ಅಲ್ಲಮ್ಮ."

ಅವಳು ಅದನ್ನು ಅಪ್ಪನಿಗೆ ಹೇಳಿದಳು. ಆಗ ಅವನು ಪಟ್ಟಿ ಕಟ್ಟಿ ಮುಗಿಸಿದ. ಮನೆಗೆ ಬಂದು ಚೀಲ ಬಿಚ್ಚಿ ಬಟ್ಟೆಗಳನ್ನು ಮತ್ತೆ ಕಪಾಟಿಗೆ ಇಟ್ಟೆ. ಅವನು ಫ್ಯಾಕ್ಟರಿಗೆ ಹೋದ, ದೋಣಿಗಳು ಐಸಿಗೆ ಕಾದಿದ್ದವು.

ಕಾಗದ ಉದ್ದವಾಯಿತು. ಎದುರುಮನೆಯಾಕೆಗೆ ನನ್ನ ನೆನಪು ತಿಳಿಸಿ, ಅವರ ಮಗಳ ಲಂಗದ ಅಂಚು ನಾನು ಹಾಕಿಟ್ಟಿದ್ದೇನೆ, ಟ್ರಂಕಿನ ಮೇಲಿದೆ, ಕೊಟ್ಟುಬಿಡಿ. ಗ್ಯಾಸ್ ಆಫ್ ಮಾಡಿಯೇ ಅಂಗಡಿಗೆ ಹೋಗಿ. ಚುಕ್ಕಿ ತಾತನಿಗೆ ಒಂದು ಮುತ್ತು ಕಳಿಸುತ್ತೇನೆ ಎಂದು ಕಾಗದದ ಮೂಲೆಗೆ ಬಾಯೊತ್ತಿದ್ದಾಳೆ, ಒದ್ದೆಯಾಗಿರುವುದು ಅದಕ್ಕೆ, ಬೇರೇನೂ ಅಂದುಕೊಳ್ಳಬೇಡಿ. ಮೈಮೇಲೆ ನಿಗಾ ಇರಲಿ.

ನಿಮ್ಮವಳು

ತಾ.ಕ.: ಶುಕ್ರವಾರ ಬೆಳಿಗ್ಗೆ. ಹೆಡ್‌ಮಿಸ್ ಬಾಗಿಲಲ್ಲಿ ನಿಂತಿದ್ದಾರೆ, ಮುಖ್ಯವಾದದ್ದನ್ನೇ ಬರೆದಿಲ್ಲ. ವಾಪಸ್ ಹೋಗುವ ಟಿಕೆಟ್ ತೋರಿಸದಿದ್ದರೆ ಇಲ್ಲಿ ಒಳಗೆ ಬಿಡುವುದಿಲ್ಲ, ಹಾಗಾಗಿ ಹೋಗಿಬರುವ ಟಿಕೆಟ್ಟನ್ನೇ ಮಾಡಿಸಿ, ಆದರೆ ದಿನ ಬದಲಾಯಿಸಲು ಬರುವಂಥದ್ದನ್ನು. ನಾನು ಚುಕ್ಕಿಯನ್ನು ಕರೆದುಕೊಂಡು ಬರುವುದಿಲ್ಲ ರೀ. ಅವಳು ಅಪ್ಪನ ಹತ್ತಿರವೇ ಇರಲಿ. ಅವನು ಫ್ಯಾಕ್ಟರಿಗೆ ಹೋದಾಗ ಮನೆಯಲ್ಲಿ ಒಬ್ಬರು ಬೇಕು, ಆದ್ದರಿಂದ ನಾನೂ ಸದ್ಯಕ್ಕೆ ಬರುವುದಿಲ್ಲ. ಅಂಗಡಿಯನ್ನು ಒಂದಷ್ಟು ಕಾಲ ಮುಚ್ಚಲು ಆಗುತ್ತದಾ ನೋಡಿ. ನನ್ನ ಟಿಕೆಟ್ಟಿಗೆ ಯಾವ ದಿನ ಹಾಕಲಿ ಎಂದು ತೂಕದವನು ನಿನ್ನೆ ಚುಕ್ಕಿಯ ಬಾಯಲ್ಲಿ ಕೇಳಿಸಿದ. ನಮ್ಮವರು ಬರಲಿ, ಕೇಳಿ ಹೇಳ್ತೀನಿ ಎಂದೆ.