ಹೆಸರೆತ್ತದ ತೋಳ

ಜೂನ್ 3, ಬೆಳಿಗ್ಗೆ 6
ಸೆಮಿನಾರ್ ಪೇಪರ್ ಅರ್ಧಕ್ಕೇ ನಿಂತಿದೆ. ತುರ್ಕಿ ಕುಲದ ಭಾಷೆಗಳಲ್ಲಿ ತೋಳದ ಹಳೆಯ ಹೆಸರು ಬೊರಿ. ಇರಾನಿನ ಕಡೆಯಿಂದ ಬಂದದ್ದು ಎನ್ನುವವರೂ ಇದ್ದಾರೆ. ಕಜಕ್, ಕಿರ್ಗಿಜ್, ಉಜ್ಬೆಕ್ — ಎಲ್ಲ ಕಡೆ ಅದರ ಹೆಜ್ಜೆ ಇದೆ. ಟರ್ಕಿಯ ಕಡೆಗೆ ಬಂದರೆ ಕುರ್ತ್. ಅಂದರೆ ಮೂಲದಲ್ಲಿ ಹುಳ. ಹೆಸರೆತ್ತಿದರೆ ಬಂದೇಬಿಡುತ್ತದೆಂದು ಹೆದರಿ ಕುರಿ ಕಾಯುವವರು ತೋಳವನ್ನು ಹುಳ ಎಂದರಂತೆ. 'ಪಾಪ, ಪುಕ್ಕಲರು' ಎಂದು ಬರೆದೆ. ಹೊಡೆದುಹಾಕಿದೆ.
ಇವತ್ತು ಅಮ್ಮನ ಬಯಾಪ್ಸಿ ರಿಪೋರ್ಟ್. ಎರಡು ಸಲ ಕಾಫಿ ಮಾಡಿದೆ, ಎರಡೂ ಆರಿಹೋದವು.

ಜೂನ್ 3, ಸಂಜೆ
ಬಂತು. ಅದೇ. ಹೊಟ್ಟೆಯಲ್ಲಿ. ಮುಂದಿನ ವಾರವೇ ಕೀಮೋ ಶುರು.
ಆಸ್ಪತ್ರೆಯ ಕಾರಿಡಾರಿನಲ್ಲೇ ಅಣ್ಣ ಕೈಲಾಸ್ ಕೈಮುಗಿದ. "ಅಮ್ಮಂಗೆ ಹೆಸ್ರು ಹೇಳ್ಬೇಡ ಕಣೆ. ಗ್ಯಾಸ್ಟ್ರಿಕ್ ಅಂದ್ಬಿಡೋಣ. ಕೇಳಿದ್ರೆ ಅಲ್ಲೇ ಕುಸಿದ್ಹೋಗ್ತಾಳೆ."
ಸಿಟ್ಟು ಬಂತು. ಅವಳ ಮೈ, ಅವಳ ಕಾಯಿಲೆ. ಭಾನುವಾರದೊಳಗೆ ನಾನೇ ಹೇಳುತ್ತೇನೆ ಎಂದೆ.

ಜೂನ್ 5
ಹೇಳಲಿಲ್ಲ. ಅಮ್ಮನೂ ನಾನೂ ಯಡಿಯೂರು ಕೆರೆಗೆ ಮೂರು ಸುತ್ತು ಹಾಕಿದೆವು.
"ಗ್ಯಾಸ್ಟ್ರಿಕ್‌ಗೆ ಇಷ್ಟೊಂದ್ ಟೆಸ್ಟಾ?" ಎಂದಳು ಅಮ್ಮ.
"ಈಗೆಲ್ಲ ಹಂಗೇ ಅಮ್ಮ" ಎಂದೆ. ಛೀ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಜೂನ್ 9, ಭಾನುವಾರ
ಪಕ್ಕದ ಖಾಲಿ ಸೈಟಿನಿಂದ ನಾಗರಹಾವು ಕಾಂಪೌಂಡಿನೊಳಗೆ ಬಂತು. ಅಮ್ಮ ಬಾಗಿಲಲ್ಲೇ ಕೂಗಿದಳು: "ಹೊರಗ್ ಬರ್ಬೇಡ, ಹುಳ ಬಂದಿದೆ!"
ಹುಟ್ಟಿದಾಗಿನಿಂದ ಕೇಳಿದ ಮಾತು. ಅವಳು ಒಮ್ಮೆಯೂ ಹಾವು ಎಂದಿಲ್ಲ. ವಾರಗಟ್ಟಲೆ ತೋಳದ ಹಿಂದೆ ಅಲೆದವಳಿಗೆ ಮನೆಯೊಳಗಿನದು ಕಂಡಿರಲಿಲ್ಲ.
ಹಾವು ಹಿಡಿಯುವವರು ಬಂದು ಹೋದರು. ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತ, ತಲೆ ಎತ್ತದೆ ಹೇಳಿದಳು: "ನಂಗೂ ಗೊತ್ತು ಕಣೆ, ಹೊಟ್ಟೇಲಿರೋದೇನು ಅಂತ. ನಿಮ್ಮಪ್ಪನ್ನ ತಗೊಂಡ್ಹೋಗಿದ್ದೂ ಅದೇ ಅಲ್ವಾ? ಮನೇಲಿ ಅದರ ಹೆಸ್ರು ಎತ್ಬೇಡ. ಜೊತೇಲಿ ಬಾ, ಸಾಕು."
ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಜೂನ್ 12, ಬೆಳಿಗ್ಗೆ 9
ಆಸ್ಪತ್ರೆ. ಅಮ್ಮ ಒಳಗೆ. ಅಡ್ಮಿಶನ್ ಫಾರಂ ನನ್ನ ತೊಡೆಯ ಮೇಲೆ. ಹೆಸರು — ಶಾಂತಾದೇವಿ. ವಯಸ್ಸು — 68. ಕಾಯಿಲೆ — ಖಾಲಿ. ಪೆನ್ನು ಮುಂದೆ ಹೋಗುತ್ತಿಲ್ಲ.
ಈ ಡೈರಿಯನ್ನು ಹಿಂದಕ್ಕೆ ತಿರುವಿದೆ. ಹತ್ತು ದಿನದಿಂದ ಇಲ್ಲೂ ಆ ಹೆಸರನ್ನು ಒಂದು ಸಲವೂ ಬರೆದಿಲ್ಲ. ಯಾರೂ ಓದದ ಡೈರಿ! ಕುರಿ ಕಾಯುವವರೇ, ತಪ್ಪಾಯಿತು.
"ಮೇಡಂ, ಫಾರಂ ಆಯ್ತಾ?" ಎನ್ನುತ್ತಿದ್ದಾಳೆ ನರ್ಸ್.
ಮೊದಲು ಇಲ್ಲಿ ಬರೆದು ನೋಡುತ್ತೇನೆ. ಕ್ಯಾ—